ಸೊಸೈಟಿಗೆ ಕಂಪ್ಯೂಟರ್ ಬಂತು, ಲೆಡ್ಜರ್ ಬರೆಯೋದು ಮಾತ್ರ ನಿಂತಿಲ್ಲ

ಸೊಸೈಟಿ_ಗುಮಾಸ್ತ:
ನಮ್ದು ಹಳ್ಳಿ ವ್ಯವಸಾಯ ಸೇವಾ ಸಹಕಾರ ಸಂಘ. 2022ರಲ್ಲಿ ಕೇಂದ್ರದವ್ರು ದೇಶದ 63,000 ಸಂಘಗಳನ್ನ ಕಂಪ್ಯೂಟರೀಕರಣ ಮಾಡ್ತೀವಿ ಅಂತ ಸ್ಕೀಮ್ ತಂದ್ರಲ್ಲ, ಅದ್ರಲ್ಲಿ ನಮಗೂ ಕಂಪ್ಯೂಟರು ಪ್ರಿಂಟರು ಎಲ್ಲಾ ಬಂತು. ಆದ್ರೆ ನಾನು ಬೆಳಿಗ್ಗೆಯಿಂದ ಲೆಡ್ಜರಲ್ಲಿ ಬರ್ದು ಸಾಯಂಕಾಲ ಅದನ್ನೇ ನೋಡ್ಕೊಂಡು ಸಿಸ್ಟಮ್‌ಗೆ ಹೊಡೀತೀನಿ, ಎರಡೂ ಟ್ಯಾಲಿ ಆಗ್ಲಿಲ್ಲ ಅಂದ್ರೆ ಸೆಕ್ರೆಟರಿ ಸಾರು ಲೆಡ್ಜರೇ ಸರಿ ಅಂತಾರೆ. 30 ವರ್ಷ ಸರ್ವಿಸ್ ಆಗಿರೋರು, ಒಳ್ಳೇವ್ರೇ, ಎದುರು ಮಾತಾಡಕ್ಕಾಗಲ್ಲ. ಇದು ಎಲ್ಲಿ ಸಿಕ್ಕಾಕೊಂಡಿದೆ?

ಪಹಣಿ_ಪುರಾಣ:
ಲೆಡ್ಜರ್ ಇರೋ ತನಕ ಸಿಸ್ಟಮ್‌ನ ಯಾರೂ ನಂಬಲ್ಲ ಗುರೂ. ನಮ್ಮ ರಾಜ್ಯದಲ್ಲಿ ಜಮೀನಿನ ದಾಖಲೆ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ನೆನಪಿದ್ಯಾ? ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರ ಹತ್ರ ಪುಸ್ತಕ ಇತ್ತು, ಅವ್ರು ಊರಲ್ಲಿಲ್ಲ ಅಂದ್ರೆ ರೈತ ಕಾಯ್ಬೇಕು, ಸಿಕ್ಕಿದ್ರೆ ಕೈಬಿಸಿ ಮಾಡ್ಬೇಕು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿಸಿದ್ರು ಸರಿ, ಆದ್ರೆ ನಿಜವಾಗ್ಲೂ ಕೆಲಸ ಮಾಡಿದ್ದು ಅದಲ್ಲ, ತಾಲ್ಲೂಕಲ್ಲಿ ಕೇಂದ್ರ ಶುರು ಆದ್ಮೇಲೆ ಕೈಬರಹದ ಪಹಣಿ ನಡೆಯಲ್ಲ ಅಂದ್ಬಿಟ್ರು ನೋಡಿ, ಅದು. ಆಗ 15 ರೂಪಾಯಿಗೆ ಪ್ರಿಂಟು ಸಿಗ್ತಿತ್ತು. ಲೆಕ್ಕಿಗರಿಗೆ ಇಷ್ಟ ಇತ್ತಾ ಇಲ್ವಾ ಅನ್ನೋ ಪ್ರಶ್ನೆನೇ ಬರ್ಲಿಲ್ಲ.

ಧಾರವಾಡ_ಮಂದಿ:
ಅಷ್ಟ ಸಸಾರ ಅಲ್ರೀ ಅದು. ಪುಸ್ತಕ ಬಂದ್ ಮಾಡ್ರಿ, ಆದ್ರ ಮೊದಲ ಹಳೇ ಬಾಕಿ ಸರಿ ಏರಸಬೇಕಲ್ರಿ? ನಮ್ಮ ಕಡೆ ಒಂದ್ ಸೊಸೈಟ್ಯಾಗ ದಿನಗೂಲಿ ಹುಡುಗನ್ನ ಕುಂದ್ರಿಸಿ ಎಂಟ್ರಿ ಮಾಡಿಸಿದ್ರು, ಊರಾಗ ನಾಕ ಮಂದಿ ಬಸಪ್ಪ, ಒಬ್ಬನ ಬೆಳೆ ಸಾಲ ಇನ್ನೊಬ್ಬನ ಖಾತೇಕ ಹತ್ತಿತ್ತು. ಅವತ್ತಿಂದ ಮಂದಿ ಪಾಸ್‌ಬುಕ್ ಕೈಲೇ ಬರದ ಕೊಡ್ರಿ ಅಂತಾರ. ಮತ್ತ ನಿಮ್ಮ ಸೆಕ್ರೆಟರಿ ಕಂಪ್ಯೂಟರಿಗೆ ಅಂಜಂಗಿಲ್ರಿ, ಆಡಿಟಿಗೆ ಅಂಜತಾರ. ತಪ್ಪಾದ್ರ ಸಹಿ ಅವರದ ಇರ್ತದಲ್ಲ.

ಹಾಲಿನ_ಕ್ಯಾನು:
ನಮ್ಮೂರ ಡೈರಿಲಿ ಯಾರೂ ಕಡ್ಡಾಯ ಮಾಡ್ಲಿಲ್ಲ. ಹಾಲು ಸುರಿದ ತಕ್ಷಣ ಲೀಟರು, ಫ್ಯಾಟು, ರೇಟು ಎಲ್ಲಾ ಚೀಟಿಲಿ ಬರುತ್ತೆ, ಮೆಷಿನ್ ಕೆಟ್ಟು ಅಂದಾಜಲ್ಲಿ ಬರೆಯಕ್ಕೆ ಹೋದ್ರೆ ಹೆಂಗಸ್ರೇ ಜಗಳಕ್ಕೆ ನಿಲ್ತಾರೆ. ನೀವೂ ಕಟ್ಟಿದವ್ರಿಗೆ ಅಲ್ಲೇ ಪ್ರಿಂಟ್ ರಸೀದಿ ಕೊಡಿ, ಆಮೇಲೆ ಜನಾನೇ ಕೇಳ್ತಾರೆ.

ಸೊಸೈಟಿ_ಗುಮಾಸ್ತ:
ರಸೀದಿ ಐಡಿಯಾ ಚೆನ್ನಾಗಿದೆ, ಪ್ರಿಂಟರ್ ಇನ್ನೂ ಡಬ್ಬದಲ್ಲೇ ಇದೆ 😅 ಆಡಿಟ್ ಮಾತು ಕೇಳಿದ್ಮೇಲೆ ಸಾರು ಯಾಕೆ ಹಂಗಾಡ್ತಾರೆ ಅಂತ ಸ್ವಲ್ಪ ಗೊತ್ತಾಯ್ತು. ಮೊದ್ಲು ಸಾಲದ ಬಾಕಿ ಒಂದೊಂದೇ ಅವ್ರ ಜೊತೆ ಕೂತು ಟ್ಯಾಲಿ ಮಾಡ್ತೀನಿ. ನಮ್ಮಲ್ಲಿ ಬಸಪ್ಪ ಇಲ್ಲ, ಮೂರು ಜನ ರಂಗಪ್ಪ ಇದಾರೆ, ಅವ್ರಿಂದಾನೇ ಶುರು ಮಾಡ್ಬೇಕು.