ಹುಂಜದ ಕಾಟಕ್ಕೆ ಹೇಂಟೆಯ ಬೆನ್ನು ಬೋಳಾಗಿದೆ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ. ನನ್ನ ಹತ್ತಿರ 5 ಹೇಂಟೆ, 1 ಹುಂಜ ಇವೆ. ಹುಂಜಕ್ಕೆ ಈಗ 10 ತಿಂಗಳು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಸಾಕು, ಅಟ್ಟಿಸಿಕೊಂಡು ಹೋಗಿ ಹೇಂಟೆಗಳ ಮೇಲೆ ಹತ್ತುತ್ತಾನೆ. ಅದರಲ್ಲೂ ಚುಕ್ಕಿ ಅಂತ ಒಂದು ಹೇಂಟೆ ಇದೆ. ಬಹಳ ಸಾಧು, ಓಡುವುದಿಲ್ಲ, ಸುಮ್ನೆ ಕುಕ್ಕರಿಸಿ ಕೂತುಬಿಡುತ್ತದೆ. ಹೊಡೆತವೆಲ್ಲ ಅದಕ್ಕೇ. ಬೆನ್ನ ಮೇಲೆ ಅಂಗೈಯಗಲ ಪುಕ್ಕ ಹೋಗಿದೆ. ಕೊಕ್ಕಿನಿಂದ ಹಿಡಿದು ಹಿಡಿದು ತಲೆಯ ಹಿಂಭಾಗವೂ ಬೋಳಾಗಿದೆ. ನಿನ್ನೆ ಎತ್ತಿಕೊಂಡು ನೋಡಿದರೆ ರೆಕ್ಕೆಯ ಕೆಳಗೆ ಚರ್ಮ ಸೀಳಿತ್ತು. ಪುಕ್ಕ ಮುಚ್ಚಿಕೊಂಡಿದ್ದರಿಂದ ಇಷ್ಟು ದಿನ ಕಂಡಿರಲಿಲ್ಲ. ತುಂಬಾ ಸಂಕಟವಾಯಿತು.

ಹುಂಜವನ್ನು ಕೊಟ್ಟುಬಿಡು ಎನ್ನುತ್ತಾರೆ ಮನೆಯವರು. ಆದರೆ ಹದ್ದು ಕಂಡರೆ ಮೊದಲು ಕೂಗುವವನು ಅವನೇ. ಕಾಳು ಸಿಕ್ಕಿದರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುತ್ತಾನೆ. ಮುಂದಿನ ತಿಂಗಳು ಮೊಟ್ಟೆ ಕಾವಿಗೆ ಇಡಬೇಕು ಅಂತಲೂ ಇದೆ. ಇಬ್ಬರನ್ನೂ ಉಳಿಸಿಕೊಳ್ಳುವ ದಾರಿ ಇದೆಯಾ?

ಉತ್ತರ 1:
ಮೊದಲು ಚುಕ್ಕಿಯನ್ನು ಇವತ್ತೇ ಬೇರೆ ಇಡಿ. ಉಳಿದದ್ದೆಲ್ಲ ಆಮೇಲೆ. ಸೀಳಿದ ಜಾಗಕ್ಕೆ ನೊಣ ಕೂತರೆ ಹುಳ ಬೀಳುತ್ತದೆ. ಕೆಂಪು ಕಂಡರೆ ಬೇರೆ ಹೇಂಟೆಗಳೂ ಅಲ್ಲೇ ಕುಕ್ಕುತ್ತವೆ. ಕಾಯಿಸಿ ಆರಿಸಿದ ನೀರಿಗೆ ಸ್ವಲ್ಪ ಉಪ್ಪು ಹಾಕಿ ತೊಳೆಯಿರಿ, ನೊಣ ಬಾರದ ಕಡೆ ಇಡಿ. ಚರ್ಮದ ಒಳಗಿನ ಮಾಂಸ ಕಾಣುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ಕಾಯಬೇಡಿ.

ಇನ್ನೊಂದು, ಹೇನು ಇದೆಯಾ ನೋಡಿ. ಹೇಂಟೆಯ ಮೈಯಲ್ಲಿ ಮೊಟ್ಟೆ ಹೊರಬರುವ ದ್ವಾರದ ಸುತ್ತ ಪುಕ್ಕ ಬಿಡಿಸಿದರೆ ಬುಡದಲ್ಲಿ ಬಿಳಿ ಗಂಟು ಗಂಟಾಗಿ ಸೀರು ಕಾಣುತ್ತದೆ. ಅದಿಲ್ಲದೆ ಬರೀ ಬೆನ್ನು, ತಲೆಯ ಹಿಂಭಾಗ ಬೋಳಾಗಿದ್ದರೆ ಹುಂಜದ್ದೇ ಕೆಲಸ. ಅವನ ಕಾಲಿನ ಹಿಂದೆ ಕೊಂಬಿನಂತೆ ಬೆಳೆಯುವ ಮುಳ್ಳನ್ನು ಅರದಿಂದ ಉಜ್ಜಿ ಮೊಂಡು ಮಾಡಿ.

ಉತ್ತರ 2:
ಮುಳ್ಳಿನ ಬಗ್ಗೆ ಒಂದು ಮಾತು. 10 ತಿಂಗಳ ಹುಂಜಕ್ಕೆ ಮುಳ್ಳು ಇನ್ನೂ ಗಿಡ್ಡವಾಗಿಯೇ ಇರುತ್ತದೆ. ರೆಕ್ಕೆಯ ಕೆಳಗಿನ ಸೀಳು ಹೆಚ್ಚಾಗಿ ಉಗುರಿನದ್ದು. ಹತ್ತಿದಾಗ ಕಾಲು ಜಾರಿದರೆ ಉಗುರು ಅಲ್ಲೇ ಎಳೆಯುತ್ತದೆ. ಹಾಗಾಗಿ ಉಗುರಿನ ತುದಿ ಉಜ್ಜಿ. ತುದಿ ಮಾತ್ರ. ಉಗುರಿನಲ್ಲೂ ಮುಳ್ಳಿನಲ್ಲೂ ಒಳಗೆ ರಕ್ತ ಹರಿಯುತ್ತದೆ. ಒಂದೇ ಸಲ ಕತ್ತರಿಸಲು ಹೋಗಬೇಡಿ.

ನಾನು ಹೇಳಬೇಕೆಂದಿದ್ದು ಬೆನ್ನಬಟ್ಟೆ ಬಗ್ಗೆ. ನನ್ನ ಹೇಂಟೆಯೊಂದಕ್ಕೆ ಹೀಗೇ ಆಗಿತ್ತು, ಅದನ್ನು ಉಳಿಸಿದ್ದು ಈ ಬಟ್ಟೆ. ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆ ಒಳ್ಳೆಯದು, ಉಗುರು ತೂರುವುದಿಲ್ಲ. ಮೊದಲು ಕಾಗದದಲ್ಲಿ ಕತ್ತರಿಸಿ ಹೇಂಟೆಯ ಬೆನ್ನ ಮೇಲಿಟ್ಟು ನೋಡಿ. ಕತ್ತಿನ ಬುಡದಿಂದ ಬಾಲದ ಬುಡದವರೆಗೆ ಬರಬೇಕು, ಬಾಲ ಮುಚ್ಚಬಾರದು. ಕತ್ತಿನ ಕಡೆ ಕಿರಿದು, ಹಿಂದೆ ಅಗಲ. ಮುಂದಿನ ಎರಡೂ ಬದಿಗೆ ಇಲಾಸ್ಟಿಕ್ ಕುಣಿಕೆ ಹೊಲಿಯಿರಿ. ರೆಕ್ಕೆ ಅದರೊಳಗೆ ತೂರಬೇಕು. ಕುಣಿಕೆಯ ಕೆಳಗೆ ನಿಮ್ಮ ಒಂದು ಬೆರಳು ಸಲೀಸಾಗಿ ಹೋಗಬೇಕು. ನಾನು ಮೊದಲು ಹೊಲಿದದ್ದು ಬಿಗಿಯಾಗಿತ್ತು, 2 ದಿನದಲ್ಲಿ ರೆಕ್ಕೆಯ ಸಂದಿ ಕೆಂಪಾಗಿತ್ತು. ಪಾಪ, ಅದು ಹೇಗೆ ಹೇಳೀತು? ನಾವೇ ನೋಡಬೇಕು. ಬಟ್ಟೆ ಗಾಢ ಬಣ್ಣದ್ದಿರಲಿ, ಕೆಂಪು ಬೇಡ, ಉಳಿದವು ಕುಕ್ಕುತ್ತವೆ.

ಸಂಜೆ ಕೋಲಿನ ಮೇಲೆ ಕೂತ ಮೇಲೆ ತೊಡಿಸಿ. ಕತ್ತಲಲ್ಲಿ ಗಲಾಟೆ ಮಾಡುವುದಿಲ್ಲ. ಬೆಳಿಗ್ಗೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಒಂದು ದಿನದಲ್ಲಿ ಅಭ್ಯಾಸವಾಗುತ್ತದೆ. ವಾರಕ್ಕೆ 2 ಸಲ ಬಿಚ್ಚಿ ಕೆಳಗೆ ಹೇನು, ತೇವಕ್ಕೆ ನೆಂದ ಚರ್ಮ ಇದೆಯಾ ನೋಡಿ. ಬಿಸಿಲು ಜಾಸ್ತಿ ಇದ್ದರೆ ಒಂದೇ ಪದರ ಸಾಕು. ಆದರೆ ಗಾಯ ಮಾಯುವ ತನಕ ಬಟ್ಟೆ ಬೇಡ. ಮತ್ತೆ, ಇದರಿಂದ ಬೆನ್ನಿಗಷ್ಟೇ ರಕ್ಷಣೆ. ತಲೆಯ ಹಿಂಭಾಗಕ್ಕೆ ಇದರಿಂದ ಏನೂ ಉಪಯೋಗವಿಲ್ಲ.

ಉತ್ತರ 3:
ಅಕ್ಕ ಹೇಳಿದ ಬಟ್ಟೆ ಚೆನ್ನಾಗಿದೆ. ಆದರೆ ಮೂಲ ಕಾರಣ ಲೆಕ್ಕದಲ್ಲಿದೆ. ಒಂದು ಹುಂಜಕ್ಕೆ 8ರಿಂದ 10 ಹೇಂಟೆ ಇರಬೇಕು. 5 ಇದ್ದರೆ, ಅದರಲ್ಲೂ ಹುಂಜ ಎಳೆಯದಾದರೆ, ಹೀಗೇ ಆಗುತ್ತದೆ. ಹೇಂಟೆ ಹೆಚ್ಚು ಮಾಡಿದರೂ ಚುಕ್ಕಿಯಂಥದ್ದನ್ನೇ ಹುಡುಕಿಕೊಂಡು ಹೋಗುವ ಹುಂಜಗಳಿವೆ, ಅದೂ ನಿಜ.

ನಾನಾಗಿದ್ದರೆ ಅವನಿಗೆ ಪಕ್ಕದಲ್ಲೇ ಜಾಲರಿ ಹಾಕಿ ಜಾಗ ಮಾಡುತ್ತಿದ್ದೆ. ಒಬ್ಬರಿಗೊಬ್ಬರು ಕಾಣಲಿ, ಮುಟ್ಟುವುದು ಬೇಡ. ಕಾವಿನ ಮೊಟ್ಟೆಯ ಚಿಂತೆ ಬೇಡ. ಒಂದು ಸಲ ಕೂಡಿದರೆ ಹುಂಜದ ಬೀಜ ಹೇಂಟೆಯ ಒಳಗೆ ಸುಮಾರು 2 ವಾರ ಬದುಕಿರುತ್ತದೆ. ವಾರಕ್ಕೆ 2 ದಿನ ಮಧ್ಯಾಹ್ನದ ಮೇಲೆ ಬಿಟ್ಟರೆ ಸಾಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಾತ್ರ ಬಿಡಬೇಡಿ, ಅಟ್ಟುವುದು ಆಗಲೇ ಜಾಸ್ತಿ.

ಪುಕ್ಕ ಬೇಗ ಬರಲಿಲ್ಲ ಅಂತ ಹೆದರಬೇಡಿ. ಬುಡಸಮೇತ ಕಿತ್ತುಬಂದಿದ್ದರೆ ಕೆಲವು ವಾರದಲ್ಲಿ ಹೊಸದು ಹೊರಡುತ್ತದೆ. ಅರ್ಧಕ್ಕೆ ಮುರಿದು ಕಡ್ಡಿ ಉಳಿದಿದ್ದರೆ, ವರ್ಷಕ್ಕೊಮ್ಮೆ ಪುಕ್ಕ ಉದುರಿಸುವ ತನಕ ಹಾಗೇ ಇರುತ್ತದೆ. ಆ ಕಡ್ಡಿ ಕೀಳಬೇಡಿ, ನೋವಾಗುತ್ತದೆ. ಪುಕ್ಕ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನೇ. ಮೇವಿನಲ್ಲಿ ಅದು ಚೆನ್ನಾಗಿರಲಿ.

ಪ್ರಶ್ನೆ ಕೇಳಿದವರು, 3 ವಾರದ ನಂತರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಯ ಒಣಗಿದೆ. ವೈದ್ಯರಿಗೂ ತೋರಿಸಿದೆ, ಹೊಲಿಗೆ ಬೇಡ ಎಂದರು. ಹೇನು ಇರಲಿಲ್ಲ. ಹುಂಜ ಜಾಲರಿಯ ಆಚೆ ಇದ್ದಾನೆ. ಮೊದಲ 2 ದಿನ ಕೂಗಿದ್ದೇ ಕೂಗಿದ್ದು, ಈಗ ಪರವಾಗಿಲ್ಲ. ಕಾಳು ಹಾಕಿದರೆ ಅಲ್ಲಿಂದಲೇ ಹೇಂಟೆಗಳನ್ನು ಕರೆಯುತ್ತಾನೆ.

ಚುಕ್ಕಿಗೆ ಮೊನ್ನೆ ಸಂಜೆ ನೀಲಿ ಬಟ್ಟೆ ತೊಡಿಸಿದೆ. ಕುಣಿಕೆ ಒಂದು ಸಲ ಬಿಚ್ಚಿ ಸಡಿಲ ಮಾಡಬೇಕಾಯಿತು. ಇಷ್ಟು ದಿನ ಬಿಸಿಲು ಏರುವ ತನಕ ಕೋಲಿನಿಂದ ಇಳಿಯುತ್ತಿರಲಿಲ್ಲ. ಇವತ್ತು ಎಲ್ಲರಿಗಿಂತ ಮೊದಲು ಬಾಗಿಲ ಹತ್ತಿರ ಬಂದು ನಿಂತಿತ್ತು. ಬಟ್ಟೆ ಎತ್ತಿ ನೋಡಿದೆ, ಬೆನ್ನ ಮೇಲೆ 4-5 ಕಡೆ ಹೊಸ ಪುಕ್ಕದ ಮೊಳಕೆ ಕೈಗೆ ಸಿಗುತ್ತಿದೆ.