ಅಪ್‌ಡೇಟ್: ನಾನು ಮಾಡದ ಸಾಲ ಸಿಬಿಲ್‌ನಿಂದ ಕೊನೆಗೂ ಹೋಯಿತು

ನಾನು ತೆಗೆದುಕೊಳ್ಳದ 18,000 ರೂಪಾಯಿ ಆ್ಯಪ್ ಸಾಲ ನನ್ನ ಸಿಬಿಲ್ ವರದಿಯಲ್ಲಿದೆ (ನಮ್ಮ ಸಾಲಗಳ ದಾಖಲೆ), ಏನು ಮಾಡಲಿ ಅಂತ ದಾವಣಗೆರೆಯಿಂದ ಕೇಳಿದ್ದೆನಲ್ಲ, ಅದು ಮೊನ್ನೆ ಹೋಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದು ಸುಮ್ನೆ ದಂಡ, ಬರೀ ಹಾಡು ಕೇಳಿಸಿದರು. ಕೆಲಸಕ್ಕೆ ಬಂದಿದ್ದು ಸಿಬಿಲ್ ವೆಬ್‌ಸೈಟ್‌ನಲ್ಲೇ ಡಿಸ್ಪ್ಯೂಟ್ (ಈ ಮಾಹಿತಿ ತಪ್ಪು ಅನ್ನೋ ತಕರಾರು) ಹಾಕಿ ಅಂದವರ ಮಾತು. ಅದಕ್ಕೆ ದುಡ್ಡಿಲ್ಲ. ಜೊತೆಗೆ ಸೈಬರ್ ದೂರಿನ ಪ್ರತಿಯನ್ನು ಸಾಲ ಕೊಟ್ಟವರಿಗೆ ಈಮೇಲ್ ಮಾಡಿದೆ, 26ನೇ ದಿನ ಸಾಲ ಮಾಯ. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ, ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ತೋರಿಸೋ ಸರ್ಕಾರಿ ವೆಬ್‌ಸೈಟ್ ಸಂಚಾರ್ ಸಾಥಿಯಲ್ಲಿ ನೋಡಿದರೆ ನನ್ನ ಹೆಸರಲ್ಲಿ ನನ್ನದಲ್ಲದ ಸಿಮ್ ಒಂದಿತ್ತು! ಅಲ್ಲೇ ರಿಪೋರ್ಟ್ ಮಾಡಿದೆ. ಆಧಾರ್ ಬಯೋಮೆಟ್ರಿಕ್ಕೂ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿದ್ದೇನೆ. ಜೆರಾಕ್ಸ್ ಅಂಗಡಿಗೆ ಈಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಮಾತ್ರ.