ಸಾರ್ವತ್ರಿಕ ಘೋಷಣೆಯೊಂದನ್ನೇ ಆಧರಿಸಿ ದೂರು ಕೊಡಬಹುದೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮ ಬಡಾವಣೆಯ ಅಂಚಿನ ಸರ್ಕಾರಿ ಜಾಗದಲ್ಲಿ ಬಹುಕಾಲದಿಂದ ವಾಸವಿದ್ದ ಕೂಲಿ ಕುಟುಂಬಗಳ ಮನೆಗಳನ್ನು ಕಳೆದ ತಿಂಗಳು ನೋಟಿಸ್ ಕೊಡದೆ ಕೆಡವಿದ್ದಾರೆ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೇ ವಿಧಿಯಲ್ಲಿ ವಸತಿಯ ಉಲ್ಲೇಖವಿರುವುದರಿಂದ ಅದೊಂದನ್ನೇ ಆಧಾರವಾಗಿಟ್ಟು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಿದ್ಧಪಡಿಸಿದ್ದೇವೆ. ಪರಿಚಯದವರೊಬ್ಬರು, ಘೋಷಣೆಗೆ ಕಾನೂನಿನ ಬಲವಿಲ್ಲ, ದೂರು ನಿಲ್ಲುವುದಿಲ್ಲ ಎನ್ನುತ್ತಾರೆ. ಅದು ನಿಜವೇ?

ಉತ್ತರ: ಅವರ ಮೊದಲ ಮಾತು ಬಹುಮಟ್ಟಿಗೆ ಸರಿ, ಎರಡನೆಯದು ಸರಿಯಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಆ ಘೋಷಣೆಯನ್ನು ಅಂಗೀಕರಿಸಿದ್ದು ನಿರ್ಣಯದ ರೂಪದಲ್ಲಿ, ರಾಷ್ಟ್ರಗಳನ್ನು ಕಟ್ಟಿಹಾಕುವ ಒಪ್ಪಂದವಾಗಿ ಅಲ್ಲ. 48 ರಾಷ್ಟ್ರಗಳು ಪರವಾಗಿ ಮತ ಹಾಕಿದವು, 8 ತಟಸ್ಥವಾಗಿದ್ದವು, ವಿರೋಧಿಸಿದವರಿಲ್ಲ. ಒಪ್ಪಂದದಿಂದ ಹುಟ್ಟುವ ಬಾಧ್ಯತೆ ಬಂದದ್ದು 1966ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳಿಂದ, ಅವುಗಳನ್ನು ಭಾರತ ಒಪ್ಪಿಕೊಂಡದ್ದು 1979ರಲ್ಲಿ.

ನಿಮ್ಮ ದೂರಿಗೆ ಮುಖ್ಯವಾದದ್ದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯ 2ನೇ ಪ್ರಕರಣ. ಸಂವಿಧಾನ ಖಾತರಿಪಡಿಸಿದ ಅಥವಾ ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿ ಅಡಕವಾಗಿದ್ದು ಭಾರತದ ನ್ಯಾಯಾಲಯಗಳು ಜಾರಿಗೊಳಿಸಬಹುದಾದ, ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆಗೆ ಸಂಬಂಧಿಸಿದ ಹಕ್ಕುಗಳನ್ನು ಅದು ಮಾನವ ಹಕ್ಕುಗಳೆನ್ನುತ್ತದೆ. ಅಲ್ಲಿ ಘೋಷಣೆಯ ಹೆಸರಿಲ್ಲ. ಆದ್ದರಿಂದ ದೂರಿನ ಮೊದಲ ಆಧಾರ ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿ ಆಗಿರಲಿ, 1966ರ ಒಡಂಬಡಿಕೆಗಳಲ್ಲೊಂದಾದ ಆರ್ಥಿಕ ಮತ್ತು ಸಾಮಾಜಿಕ ಹಕ್ಕುಗಳ ಒಡಂಬಡಿಕೆಯಲ್ಲಿ ವಸತಿಯನ್ನು ಹೆಸರಿಸುವ 11ನೇ ವಿಧಿ ಅದರ ನಂತರ ಬರಲಿ, ಘೋಷಣೆ ಇವೆರಡಕ್ಕೂ ಬೆಂಬಲವಾಗಿ ನಿಲ್ಲಲಿ.

ಈ ಮೂರನ್ನೂ ಜೋಡಿಸಿದ ತೀರ್ಪೇ ನಮ್ಮಲ್ಲಿದೆ. ದಲಿತರ ಮನೆಗಳಿಗಾಗಿ ಸರ್ಕಾರ ಜಮೀನು ಸ್ವಾಧೀನಪಡಿಸಿಕೊಂಡಾಗ ಭೂಮಾಲೀಕರು ಅದನ್ನು ಪ್ರಶ್ನಿಸಿದ ಚಮೇಲಿ ಸಿಂಗ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಘೋಷಣೆಯ 25ನೇ ವಿಧಿಯನ್ನೂ ಒಡಂಬಡಿಕೆಯ 11ನೇ ವಿಧಿಯನ್ನೂ ಉಲ್ಲೇಖಿಸಿ, ಆಶ್ರಯದ ಹಕ್ಕು ಮೂಲಭೂತ ಹಕ್ಕಿನಲ್ಲಿ ಸೇರಿದೆಯೆಂದು ಹೇಳಿ ಸ್ವಾಧೀನವನ್ನು ಎತ್ತಿಹಿಡಿಯಿತು. ನಿಮ್ಮ ದೂರಿನಲ್ಲಿ ಇದನ್ನು ತಪ್ಪದೆ ಉಲ್ಲೇಖಿಸಿ.

ಮರುಪ್ರಶ್ನೆ: ಹಾಗಾದರೆ 21ನೇ ವಿಧಿಯೊಂದೇ ಸಾಲದೇ ಸರ್? ಘೋಷಣೆಯನ್ನು ಸೇರಿಸುವುದರಿಂದ ಏನು ಪ್ರಯೋಜನ?

ಉತ್ತರ: 21ನೇ ವಿಧಿಯಲ್ಲಿ ಮನೆ, ಆಹಾರ, ಚಿಕಿತ್ಸೆ ಎಂಬ ಮಾತುಗಳಿಲ್ಲ, ಅಲ್ಲಿರುವುದು ಜೀವ ಮತ್ತು ದೈಹಿಕ ಸ್ವಾತಂತ್ರ್ಯ ಮಾತ್ರ. ಅದರ ವ್ಯಾಪ್ತಿ ಎಷ್ಟೆಂದು ನಿರ್ಧರಿಸುವಾಗ ನ್ಯಾಯಾಧೀಶರು ಘೋಷಣೆಯ ಕಡೆಗೂ ನೋಡುತ್ತಾರೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರ ಹೆಸರಿನ ಕೇಶವಾನಂದ ಭಾರತಿ ಪ್ರಕರಣದಲ್ಲಿಯೇ (1973) ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು, ಘೋಷಣೆ ಬಂಧನಕಾರಿಯಲ್ಲದಿರಬಹುದಾದರೂ ಸಂವಿಧಾನ ರಚನೆಯ ಕಾಲಕ್ಕೆ ಭಾರತ ಮಾನವ ಹಕ್ಕುಗಳನ್ನು ಹೇಗೆ ಅರ್ಥಮಾಡಿಕೊಂಡಿತ್ತೆಂಬುದನ್ನು ಅದು ತೋರಿಸುತ್ತದೆ ಎಂದಿದ್ದರು. ಬಡವರ ಪರವಾಗಿ ವಾದಿಸುವವರು ಈ ಸಾಧನವನ್ನು ಕೈಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಆ ಕುಟುಂಬಗಳಿಗೆ ಸುಳ್ಳು ಭರವಸೆ ಕೊಡಬೇಡಿ. ಮುಂಬೈನ ಪಾದಚಾರಿ ಮಾರ್ಗಗಳಲ್ಲಿ ವಾಸವಿದ್ದವರ ತೆರವಿಗೆ ಸಂಬಂಧಿಸಿದ ಸುಪ್ರೀಂ ಕೋರ್ಟಿನ 1985ರ ಓಲ್ಗಾ ಟೆಲ್ಲಿಸ್ ತೀರ್ಪು ಜೀವನೋಪಾಯವನ್ನು 21ನೇ ವಿಧಿಯೊಳಗೆ ತಂದಿತಾದರೂ ಸಾರ್ವಜನಿಕ ಜಾಗದಲ್ಲೇ ಉಳಿಯುವ ಹಕ್ಕನ್ನು ಕೊಡಲಿಲ್ಲ. ನಿಮ್ಮ ಬಲವಾದ ಅಂಶ ನೋಟಿಸ್ ಕೊಡದೆ, ಅವರ ಮಾತು ಕೇಳದೆ ಕೆಡವಿದ್ದು. ಪಡಿತರ ಚೀಟಿ, ವಿದ್ಯುತ್ ಬಿಲ್, ಕೆಡವಿದ ದಿನದ ಫೋಟೊಗಳನ್ನು ಲಗತ್ತಿಸಿ. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಮತ್ತೆ ಕೆಡವುವ ಭಯವಿದ್ದರೆ ಆಯೋಗಕ್ಕಾಗಿ ಕಾಯದೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿ ತಡೆಯಾಜ್ಞೆ ಕೇಳಬೇಕು.